ವೇಣು ಬಾಪು: ನಕ್ಷತ್ರದ ಜೊತೆ ಯಂತ್ರವನ್ನೂ ಬಲ್ಲವರು

ನಮ್ಮ ಪ್ರೌಢಶಾಲೆಯ ವಿಜ್ಞಾನ ಪಾಠಗಳಲ್ಲಿ ಭಾರತೀಯ ಖಗೋಳಶಾಸ್ತ್ರಜ್ಞರ ಹೆಸರು ಬರುವುದೇ ಅಪರೂಪ. ಬಂದರೆ ಆರ್ಯಭಟ, ಭಾಸ್ಕರಾಚಾರ್ಯ. ಅಲ್ಲಿಂದ ಒಂದೇ ಜಿಗಿತಕ್ಕೆ ಸುಬ್ರಹ್ಮಣ್ಯನ್ ಚಂದ್ರಶೇಖರ್. ಎಂ. ಕೆ. ವೇಣು ಬಾಪು ಅವರ ಹೆಸರು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಒಂದು ಸಾಲಾಗಿ ಸಿಗುತ್ತದೆ: ಧೂಮಕೇತುವೊಂದಕ್ಕೆ ತಮ್ಮ ಹೆಸರು ಕೊಟ್ಟ ಭಾರತೀಯ. ಸಾಲು ಸರಿಯಾಗಿಯೇ ಇದೆ. ಆದರೆ ಅದು ಅವರ 21ನೆಯ ವಯಸ್ಸಿನ ಸಂಗತಿ. ಆಮೇಲೆ ಅವರು 33 ವರ್ಷ ಬದುಕಿದರು. ಆ ವರ್ಷಗಳ ದೊಡ್ಡ ಪಾಲು ಒಂದೇ ಹಠದಲ್ಲಿ ಕಳೆಯಿತು. ನಕ್ಷತ್ರ ನೋಡುವ ಯಂತ್ರವನ್ನು ನಾವೇ ಕಟ್ಟಬೇಕು, ಕೆಟ್ಟರೆ ನಾವೇ ಬಿಚ್ಚಿ ಸರಿಪಡಿಸಬೇಕು ಎಂಬುದು ಆ ಹಠ. ಈ ಲೇಖನ ಅದರ ಕುರಿತು.

ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೆಯ ತರಗತಿಗೆ ಸೌರವ್ಯೂಹದ ಪಾಠ ಮಾಡುವಾಗ ದೊಡ್ಡ ದೂರದರ್ಶಕವೊಂದರ ಚಿತ್ರ ತೋರಿಸಿದ್ದೆ. ನಕ್ಷತ್ರ ಅಷ್ಟು ದೂರ ಇದ್ದರೆ, ಅದು ಇದ್ದಲ್ಲೇ ಇರುತ್ತದಲ್ಲ, ದೂರದರ್ಶಕಕ್ಕೆ ಮೋಟರ್ ಯಾಕೆ ಎಂದು ಒಬ್ಬ ಹುಡುಗಿ ಕೇಳಿದಳು. ಇದಕ್ಕಿಂತ ಒಳ್ಳೆಯ ಪ್ರಶ್ನೆ ಆ ತಿಂಗಳಲ್ಲಿ ನನಗೆ ಬರಲಿಲ್ಲ. ಭೂಮಿ 23 ಗಂಟೆ 56 ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ. ಹಾಗಾಗಿ ಆಕಾಶ ಗಂಟೆಗೆ ಸುಮಾರು 15 ಡಿಗ್ರಿಯಷ್ಟು ಸರಿದಂತೆ ನಮಗೆ ಕಾಣುತ್ತದೆ. ಬರಿಗಣ್ಣಿಗೆ ಈ ಚಲನೆ ಗೊತ್ತಾಗುವುದಿಲ್ಲ. ನೂರು ಪಟ್ಟು ಹಿಗ್ಗಿಸುವ ಕಣ್ಣುಮಸೂರದಲ್ಲಿ ಕಾಣುವ ಆಕಾಶ ಅರ್ಧ ಡಿಗ್ರಿಯಷ್ಟೇ ಅಗಲವಿದ್ದರೆ, ನಕ್ಷತ್ರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎರಡೇ ನಿಮಿಷದಲ್ಲಿ ದಾಟಿ ಮಾಯವಾಗುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕಾದರೆ ದೂರದರ್ಶಕವನ್ನು ಹೊತ್ತ ಪೀಠದ ಒಂದು ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು, ಭೂಮಿ ತಿರುಗುವ ವೇಗದಲ್ಲೇ ಎದುರು ದಿಕ್ಕಿಗೆ ತಿರುಗಬೇಕು. ಆ ಅಕ್ಷಕ್ಕೆ ಧ್ರುವಾಕ್ಷ ಎನ್ನುತ್ತಾರೆ. ಪೀಠಕ್ಕೆ ಎಲ್ಲರೂ ಮೌಂಟ್ ಎನ್ನುವುದೇ ರೂಢಿ. ಕನ್ನಡಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮೌಂಟಿನ ಬಗ್ಗೆ ಮಾತಾಡುವವರು ಕಡಿಮೆ. ಬಾಪು ಅವರ ಜೀವನವನ್ನು ಈ ಮೌಂಟಿನ ಕಡೆಯಿಂದ ನೋಡಿದರೆ ಅದರ ಬೇರೆಯೇ ರೂಪ ಕಾಣುತ್ತದೆ.

ಮಣಲಿ ಕಲ್ಲಾಟ್ ವೇಣು ಬಾಪು 1927ರ ಆಗಸ್ಟ್ 10ರಂದು ಮದ್ರಾಸಿನಲ್ಲಿ ಜನಿಸಿದರು. ಮನೆತನ ಕೇರಳದ ಉತ್ತರ ಭಾಗದ್ದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಈ ವೀಕ್ಷಣಾಲಯದ ಹುಟ್ಟೇ ಒಂದು ಸ್ವಾರಸ್ಯದ ಕಥೆ. ನವಾಬ್ ಜಫರ್ ಜಂಗ್ ಎಂಬ ಶ್ರೀಮಂತರು ಇಂಗ್ಲೆಂಡಿನಿಂದ 15 ಅಂಗುಲದ ಗ್ರಬ್ ದೂರದರ್ಶಕವನ್ನು ತಮ್ಮ ಹವ್ಯಾಸಕ್ಕೆ ತರಿಸಿ ತಮ್ಮ ಜಾಗದಲ್ಲಿ ನಿಲ್ಲಿಸಿದ್ದರು. ಅವರ ನಂತರ ಅದು ನಿಜಾಮ ಸರ್ಕಾರದ ವಶಕ್ಕೆ ಬಂದು ಬೇಗಂಪೇಟೆಯಲ್ಲಿ ನೆಲೆಯಾಯಿತು. ಜೊತೆಗೆ ಆಕಾಶದ ಫೋಟೋ ತೆಗೆಯುವ 8 ಅಂಗುಲದ ಕುಕ್ ಉಪಕರಣವೂ ಅಲ್ಲಿತ್ತು. ಹೀಗೆ ಬೇರೆ ಮಕ್ಕಳು ಗೋಲಿ, ಗಾಳಿಪಟ ಹಿಡಿಯುವ ವಯಸ್ಸಿನಲ್ಲಿ ಈ ಹುಡುಗನ ಸುತ್ತ ಇದ್ದದ್ದು ಹಿತ್ತಾಳೆಯ ಹಲ್ಲುಚಕ್ರಗಳು, ಗಾಜಿನ ಫೋಟೋ ಪ್ಲೇಟುಗಳು, ರಾತ್ರಿ ಎದ್ದಿರುವ ಹಿರಿಯರು.

ಆ ಕಾಲದ ಇಂಥ ದೂರದರ್ಶಕಗಳಿಗೆ ವಿದ್ಯುತ್ ಮೋಟರ್ ಇರಲಿಲ್ಲ. ಗಡಿಯಾರದಂಥ ಒಂದು ಯಂತ್ರ, ಅದಕ್ಕೆ ನೇತುಹಾಕಿದ ಭಾರದ ಗುಂಡು; ಗುಂಡು ಮೆಲ್ಲಗೆ ಇಳಿಯುತ್ತಿದ್ದಂತೆ ಹಲ್ಲುಚಕ್ರ ತಿರುಗಿ ದೂರದರ್ಶಕ ನಕ್ಷತ್ರದ ಬೆನ್ನು ಹತ್ತುತ್ತಿತ್ತು. ವೇಗ ಏರುಪೇರಾಗದಂತೆ ತಡೆಯಲು ತಿರುಗುವ ಗೋಲಿಗಳ ಗವರ್ನರ್. ಇದರ ಮೂಲ ಜರ್ಮನಿಯ ಫ್ರಾನ್‌ಹೋಫರ್ ಅವರದು. ಎಸ್ಟೋನಿಯಾದ ಡೋರ್ಪಾಟ್ ವೀಕ್ಷಣಾಲಯಕ್ಕೆ 1824ರಲ್ಲಿ ಅವರು ಕಳಿಸಿದ ದೂರದರ್ಶಕದ ಮೌಂಟಿನ ವಿನ್ಯಾಸವೇ ಇಂದು ಅಂಗಡಿಯಲ್ಲಿ ಸಿಗುವ ಸಣ್ಣ ಮೌಂಟುಗಳಲ್ಲಿಯೂ ಉಳಿದಿದೆ. ಗುಂಡು ಹೋಗಿ ಮೋಟರ್ ಬಂದಿದೆ, ಅಷ್ಟೇ.

ನಿಜಾಮ್ ಕಾಲೇಜಿನಲ್ಲಿ ಓದುತ್ತಿರುವಾಗಲೇ ಬಾಪು ಬೆಳಕು ಏರಿಳಿಯುವ ನಕ್ಷತ್ರಗಳನ್ನು ವೀಕ್ಷಿಸಿ ಫಲಿತಾಂಶಗಳನ್ನು ಪ್ರಕಟಿಸಿದ್ದರು. ಮದ್ರಾಸ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದ ಮೇಲೆ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1949ರಲ್ಲಿ ಅಮೆರಿಕದ ಹಾರ್ವರ್ಡಿಗೆ ಹೋದರು.

ಹೋದ ಕೆಲವೇ ತಿಂಗಳಲ್ಲಿ, 1949ರ ಜುಲೈ 2ರ ರಾತ್ರಿ ತೆಗೆದ ಫೋಟೋ ಪ್ಲೇಟಿನಲ್ಲಿ ಅವರಿಗೆ ಹೊಸ ಧೂಮಕೇತು ಕಂಡಿತು. ಇಲ್ಲಿ ತರಗತಿಗೆ ಹೇಳಬೇಕಾದ ಒಂದು ಮಾತಿದೆ. ಮೌಂಟ್ ಆಕಾಶದ ಜೊತೆ ಸರಿಯಾಗಿ ತಿರುಗಿದರೆ ಪ್ಲೇಟಿನ ಮೇಲೆ ನಕ್ಷತ್ರಗಳೆಲ್ಲ ಚುಕ್ಕಿಗಳಾಗಿ ಮೂಡುತ್ತವೆ. ನಕ್ಷತ್ರಗಳ ನಡುವೆ ತಾನೇ ಚಲಿಸುವ ವಸ್ತುವಿದ್ದರೆ ಅದು ಚುಕ್ಕಿಯಾಗದೆ ಮಸುಕಾಗಿ, ಜರುಗಿದ ಗುರುತಾಗಿ ಮೂಡಬಹುದು. ಮೌಂಟೇ ನಡುಗುತ್ತಿದ್ದರೆ ಎಲ್ಲವೂ ಮಸುಕೇ. ಯಾವುದು ನಕ್ಷತ್ರ, ಯಾವುದು ಧೂಮಕೇತು ಎಂದು ಬೇರ್ಪಡಿಸುವ ದಾರಿಯೇ ಇರುವುದಿಲ್ಲ. ಪ್ರಾಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಕಕ್ಷೆ ಗುರುತಿಸುವ ಕೆಲಸದಲ್ಲಿ ಜೊತೆಯಾದರು. ಧೂಮಕೇತುವಿಗೆ ಬಾಪು-ಬಾಕ್-ನ್ಯೂಕರ್ಕ್ ಎಂಬ ಹೆಸರು ಬಂತು. ಪೆಸಿಫಿಕ್ ಖಗೋಳ ಸಂಘದ ಡಾನಹೋ ಪದಕವೂ ಬಂತು. ನಮ್ಮ ಪರೀಕ್ಷಾ ಪುಸ್ತಕಗಳು ಅಲ್ಲಿಗೆ ನಿಲ್ಲುತ್ತವೆ.

1952ರಲ್ಲಿ ಪಿಎಚ್‌.ಡಿ. ಮುಗಿಯಿತು. ಕಾರ್ನೆಗಿ ಫೆಲೋ ಆಗಿ ಅವರು ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೋಮರ್ ವೀಕ್ಷಣಾಲಯಗಳಿಗೆ ಹೋದರು. ಪಾಲೋಮರ್‌ನ 200 ಅಂಗುಲದ ದೂರದರ್ಶಕ ಆಗಿನ್ನೂ ಹೊಸದು, ಜಗತ್ತಿನಲ್ಲೇ ದೊಡ್ಡದು. ಅದರ ಮೌಂಟಿನ ಉತ್ತರ ತುದಿ ದೈತ್ಯ ಕುದುರೆ ಲಾಳದ ಆಕಾರದಲ್ಲಿದೆ. ಲಾಳದ ಸೀಳಿನೊಳಗೆ ಕೊಳವೆ ಇಳಿಯುವುದರಿಂದ ಧ್ರುವ ನಕ್ಷತ್ರವನ್ನೂ ನೋಡಬಹುದು. ಸುಮಾರು 500 ಟನ್ ತೂಕದ ಚಲಿಸುವ ಭಾಗವನ್ನು ತೆಳುವಾದ ಎಣ್ಣೆಯ ಪದರದ ಮೇಲೆ ತೇಲಿಸಿದ್ದಾರೆ. ಹಾಗಾಗಿ ನಕ್ಷತ್ರದ ಬೆನ್ನು ಹತ್ತಲು ಅದಕ್ಕೆ ಒಂದು ಅಶ್ವಶಕ್ತಿಯ ಹನ್ನೆರಡನೇ ಒಂದು ಪಾಲಿನ ಮೋಟರ್ ಸಾಕು. ನಮ್ಮೂರ ಕಡೆ ಕಬ್ಬಿಗೆ ನೀರೆತ್ತುವ ಪಂಪುಗಳ ಅಶ್ವಶಕ್ತಿ ಮಕ್ಕಳಿಗೆ ಬಾಯಿಪಾಠ. ಈ ಅಂಕಿ ಹೇಳಿದಾಗ ತರಗತಿಯಲ್ಲಿ ಯಾರೂ ನಂಬಲಿಲ್ಲ. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಓಲಿನ್ ವಿಲ್ಸನ್ ಜೊತೆ ಬಾಪು ಮಾಡಿದ ಕೆಲಸ ಅವರ ವೈಜ್ಞಾನಿಕ ಜೀವನದ ಬಹುದೊಡ್ಡ ಫಲ. ತಂಪಾದ ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂನ ಕಪ್ಪು ಗೆರೆಯೊಂದಿದೆ. ಅದರ ನಟ್ಟನಡುವೆ ಸಣ್ಣದೊಂದು ಬೆಳಕಿನ ಎಳೆ ಕಾಣುತ್ತದೆ. ಆ ಎಳೆ ಅಗಲವಾಗಿದ್ದಷ್ಟೂ ನಕ್ಷತ್ರ ನಿಜಕ್ಕೂ ಹೆಚ್ಚು ಪ್ರಕಾಶದ್ದು ಎಂದು 185 ನಕ್ಷತ್ರಗಳನ್ನು ಅಳೆದು ಅವರು ತೋರಿಸಿದರು. ನಿಜವಾದ ಪ್ರಕಾಶ ಗೊತ್ತಾದರೆ, ಕಾಣುವ ಪ್ರಕಾಶದ ಜೊತೆ ಹೋಲಿಸಿ ದೂರ ಲೆಕ್ಕ ಹಾಕಬಹುದು. 1957ರಲ್ಲಿ ಪ್ರಕಟವಾದ ಇದಕ್ಕೆ ವಿಲ್ಸನ್-ಬಾಪು ಪರಿಣಾಮ ಎಂದೇ ಹೆಸರು. ಇಂಥ ರೋಹಿತ ಪಡೆಯಲು ಕೂದಲೆಳೆಯಂಥ ಸೀಳಿನ ಮೇಲೆ ಒಂದೇ ನಕ್ಷತ್ರದ ಬೆಳಕನ್ನು ಬಹಳ ಹೊತ್ತು ಅಲುಗದಂತೆ ನಿಲ್ಲಿಸಬೇಕು. ಒಳ್ಳೆಯ ಮೌಂಟ್ ಎಂದರೇನು ಎಂಬುದು ಅಲ್ಲಿ ರಾತ್ರಿ ಕೆಲಸ ಮಾಡಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

1953ರಲ್ಲಿ ಅವರು ಭಾರತಕ್ಕೆ ಮರಳಿದರು. ಅಲ್ಲೇ ಉಳಿದಿದ್ದರೆ ಜಗತ್ತಿನ ಅತಿ ದೊಡ್ಡ ಕನ್ನಡಿಗಳು ಕೈಗೆಟಕುವಂತಿದ್ದವು. ಇಲ್ಲಿ ಬಂದಾಗ ಸಿಕ್ಕಿದ್ದು ಬನಾರಸಿನಲ್ಲಿ ಆಗಷ್ಟೇ ಹುಟ್ಟಿದ್ದ ಉತ್ತರ ಪ್ರದೇಶ ರಾಜ್ಯ ವೀಕ್ಷಣಾಲಯ. 1954ರ ಕೊನೆಗೆ ಅದರ ಹೊಣೆ ಅವರ ಮೇಲೆ ಬಂತು. ಆಗ ವಯಸ್ಸು 27. ಗಂಗೆಯ ಬಯಲಿನ ಧೂಳು, ಮಂಜು ಖಗೋಳ ವೀಕ್ಷಣೆಗೆ ಒಗ್ಗುವುದಿಲ್ಲವೆಂದು 1955ರಲ್ಲಿ ಅದನ್ನು ನೈನಿತಾಲದ ಬೆಟ್ಟಕ್ಕೆ ಸಾಗಿಸಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು.

ಕೊಡೈಕೆನಾಲ್ ಸೂರ್ಯನ ಅಧ್ಯಯನಕ್ಕೆ ಹೆಸರಾದ ಹಳೆಯ ಸಂಸ್ಥೆ. ಹಗಲಿನ ಕೆಲಸಕ್ಕೆ ಅದು ಸರಿ, ರಾತ್ರಿಯ ಕೆಲಸಕ್ಕೆ ಬೇರೆ ಜಾಗ ಬೇಕಿತ್ತು. ದಕ್ಷಿಣ ಭಾರತದ ಬೆಟ್ಟಗಳಲ್ಲಿ ಹುಡುಕಾಡಿ ಅವರು ಆರಿಸಿದ್ದು ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವಿನ ಕಾವಲೂರು ಎಂಬ ಹಳ್ಳಿ. ಸಮುದ್ರಮಟ್ಟದಿಂದ ಸುಮಾರು 725 ಮೀಟರ್ ಎತ್ತರ, ಸುತ್ತ ಗಂಧದ ಮರದ ಕಾಡು, ಊರಿನ ದೀಪಗಳ ಕಾಟವಿಲ್ಲ. ಅಕ್ಷಾಂಶ ಹನ್ನೆರಡೂವರೆ ಡಿಗ್ರಿ ಉತ್ತರ. ಆದ್ದರಿಂದ ದಕ್ಷಿಣದ ಆಕಾಶದ ದೊಡ್ಡ ಭಾಗವೂ ಕಾಣುತ್ತದೆ. 1968ರಲ್ಲಿ ಅಲ್ಲಿ ಕೆಲಸ ಆರಂಭಿಸಿದ ಮೊದಲ ದೂರದರ್ಶಕ 38 ಸೆಂ.ಮೀ. ಕನ್ನಡಿಯದು. ಅದನ್ನು ಹೊರಗಿನಿಂದ ಕೊಳ್ಳಲಿಲ್ಲ, ಸಂಸ್ಥೆಯವರೇ ಕಟ್ಟಿದರು. ದೊಡ್ಡ ಸಂಶೋಧನೆಗೆ 38 ಸೆಂ.ಮೀ. ಸಣ್ಣ ಗಾತ್ರವೇ. ಆದರೆ ಲೇಥ್ ಹಿಡಿಯುವವರು, ಗಾಜು ಉಜ್ಜುವವರು, ತಂತಿ ಜೋಡಿಸುವವರು ಖಗೋಳ ವಿಜ್ಞಾನಿಗಳ ಜೊತೆ ಒಂದೇ ಅಂಗಳದಲ್ಲಿ ಕೆಲಸ ಕಲಿತದ್ದು ಆ ಸಣ್ಣ ಯಂತ್ರದಿಂದ. ಬಾಪು ಅವರ ಜೀವನದಲ್ಲಿ ಧೂಮಕೇತುವಿಗಿಂತ ಇದು ದೊಡ್ಡ ಘಟನೆ ಎಂದು ನನಗನಿಸುತ್ತದೆ.

ಹೀಗನ್ನಲು ನನಗೊಂದು ಕಾರಣವಿದೆ. ಪುಣೆಯಲ್ಲಿರುವ ನನ್ನ ಮಾಮಾ ತಾವು ಬಳಸದೆ ಇಟ್ಟಿದ್ದ ಹಳೆಯ ಮೋಟರ್ ಮೌಂಟೊಂದನ್ನು ಪಾಠಕ್ಕೆ ಬಳಸೆಂದು ಕೊಟ್ಟರು. ಮೋಟರ್ ಗುರ್ ಎನ್ನುತ್ತಿತ್ತು, ಅಕ್ಷ ಮಾತ್ರ ಬಿಟ್ಟುಬಿಟ್ಟು ಜಿಗಿಯುತ್ತಿತ್ತು. ದಿಗ್ಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಮತ್ತು ಕಾಕಾ ಕೂತು ಅದನ್ನು ಪೂರ್ತಿ ಬಿಚ್ಚಿದೆವು. ಕಾಕಾ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್; ದೂರದರ್ಶಕ ನೋಡಿದ್ದು ಅದೇ ಮೊದಲು, ಆದರೆ ಹಲ್ಲುಚಕ್ರ ಅವರಿಗೆ ಹೊಸದಲ್ಲ. ಒಂದೊಂದು ಸ್ಕ್ರೂ ತೆಗೆಯುವ ಮುಂಚೆ ಮೊಬೈಲಿನಲ್ಲಿ ಫೋಟೋ, ಕೂಡುವ ಭಾಗಗಳ ಮೇಲೆ ಸೂಜಿಯಿಂದ ಗೀರು, ತೆಗೆದ ವಾಷರುಗಳನ್ನು ಅದೇ ಕ್ರಮದಲ್ಲಿ ಸ್ಟೀಲಿನ ತಾಟಿನಲ್ಲಿ ಸಾಲಾಗಿ ಇಡುವುದು: ಇಷ್ಟು ಶಿಸ್ತನ್ನು ಅವರು ಮೊದಲೇ ಹಾಕಿಕೊಟ್ಟರು. ಒಳಗಿನ ಗ್ರೀಸು ಆರಿದ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ಅದರಲ್ಲಿ ತಯಾರಿಕೆಯ ಕಾಲದ್ದೇ ಇರಬೇಕು, ಲೋಹದ ಸಣ್ಣ ಸಣ್ಣ ಚೂರುಗಳೂ ಇದ್ದವು. ಚಿಮಣಿ ಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಶ್, ಎಳೆ ಬಿಡದ ಹಳೆಯ ಧೋತರದ ತುಂಡು. ಎರಡು ಸಂಜೆ ಇದೇ ಕೆಲಸ. ಆಮೇಲೆ ಬಿಳಿ ಲಿಥಿಯಂ ಗ್ರೀಸನ್ನು ತೆಳುವಾಗಿ ಸವರಿದೆವು. ಹೆಚ್ಚು ಹಾಕಿದರೆ ಧೂಳನ್ನು ಹಿಡಿಯುತ್ತದೆ.

ನಿಜವಾದ ಕೆಲಸ ಜೋಡಿಸುವಾಗ ಇತ್ತು. ಧ್ರುವಾಕ್ಷದ ದೊಡ್ಡ ಚಕ್ರಕ್ಕೆ 144 ಹಲ್ಲು. ಅದನ್ನು ತಿರುಗಿಸುವುದು ಸ್ಕ್ರೂವಿನಂತಿರುವ ವರ್ಮ್. ವರ್ಮ್ ಒಂದು ಸುತ್ತು ಬಂದರೆ ಚಕ್ರ ಒಂದು ಹಲ್ಲಿನಷ್ಟು ಮುಂದೆ ಹೋಗುತ್ತದೆ. ಚಕ್ರ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ಮುಗಿಸಬೇಕಾದರೆ ವರ್ಮ್ 598 ಸೆಕೆಂಡಿಗೊಮ್ಮೆ, ಅಂದರೆ ಹೆಚ್ಚುಕಡಿಮೆ ಹತ್ತು ನಿಮಿಷಕ್ಕೊಮ್ಮೆ ತಿರುಗಬೇಕು. ಈ ಭಾಗಾಕಾರವನ್ನು ಮಕ್ಕಳಿಂದಲೇ ಮಾಡಿಸಬಹುದು. ವರ್ಮ್ ಮತ್ತು ಚಕ್ರ ಸಡಿಲಾಗಿ ಕೂತರೆ, ದಿಕ್ಕು ಬದಲಿಸುವ ಗುಂಡಿ ಒತ್ತಿದಾಗ ಮೋಟರ್ ಓಡುತ್ತದೆ, ನಕ್ಷತ್ರ ಕೆಲ ಸೆಕೆಂಡು ಅಲುಗುವುದೇ ಇಲ್ಲ. ಬಿಗಿಯಾಗಿ ಕೂತರೆ ಮೋಟರ್ ನರಳಿ ಒಂದು ಕಡೆ ನಿಂತುಬಿಡುತ್ತದೆ. ಯಾವ ಚಕ್ರವೂ ಲೆಕ್ಕದಷ್ಟು ದುಂಡಗಿರುವುದಿಲ್ಲ. ಪೂರ್ತಿ ಒಂದು ಸುತ್ತು ತಿರುಗಿಸಿ ಎಲ್ಲಿ ಅತಿ ಬಿಗಿಯೋ ಆ ಜಾಗದಲ್ಲಿ ನಿಲ್ಲಿಸಿ, ಅಲ್ಲಿ ಸಲೀಸಾಗುವಷ್ಟು ಮಾತ್ರ ಸ್ಕ್ರೂ ಬಿಡಬೇಕು. ಅಲನ್ ಕೀಯ ಕಾಲು ಸುತ್ತಿನ ಎಂಟನೇ ಭಾಗವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎಷ್ಟು ಚೆನ್ನಾಗಿ ಕೂರಿಸಿದರೂ ವರ್ಮ್‌ನ ಸಣ್ಣ ಓರೆಕೋರೆ ಉಳಿಯುತ್ತದೆ. ಮೃಗಶಿರದ ನಡುಪಟ್ಟಿಯ ನಕ್ಷತ್ರವೊಂದನ್ನು ಅಡ್ಡಗೆರೆಯ ಮೇಲೆ ಇಟ್ಟು ನೋಡಿದರೆ ಹತ್ತು ನಿಮಿಷಕ್ಕೊಮ್ಮೆ ಅದು ಆಚೀಚೆ ಉಸಿರಾಡಿದಂತೆ ಸರಿದು ಮತ್ತೆ ಮರಳುತ್ತದೆ.

ಇನ್ನೊಂದು ತೊಡಕು ಅಂಗಳಕ್ಕೆ ತಂದಾಗ ಎದುರಾಯಿತು. ಧ್ರುವ ನಕ್ಷತ್ರದ ಎತ್ತರ ನಮ್ಮ ಅಕ್ಷಾಂಶದಷ್ಟೇ, ರಾಯಬಾಗ ಸೀಮೆಯಲ್ಲಿ ಸುಮಾರು ಹದಿನಾರೂವರೆ ಡಿಗ್ರಿ. ಬೇವಿನ ಮರದ ಕೊಂಬೆಗಳ ನಡುವೆ ಅದನ್ನು ಹುಡುಕಬೇಕು. 40, 50 ಡಿಗ್ರಿಯ ದೇಶಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಮೌಂಟನ್ನು ಇಷ್ಟು ಕೆಳಕ್ಕೆ ಬಾಗಿಸಿದರೆ ಸಮತೂಕದ ಗುಂಡಿನ ಸರಳು ಮುಕ್ಕಾಲಿಯ ಕಾಲಿಗೆ ತಾಗುತ್ತದೆ. ಕಾಲುಗಳನ್ನು ಬೇರೆ ಕಡೆಗೆ ತಿರುಗಿಸಿ ನಿಲ್ಲಿಸಿದೆವು. ಕೊಂಡು ತಂದ ಯಂತ್ರ ನಮ್ಮ ನೆಲಕ್ಕೆ ಹೊಂದಬೇಕಾದರೆ ಯಾರಾದರೂ ಅದರ ಒಳಗನ್ನು ಅರಿತಿರಬೇಕಾಗುತ್ತದೆ. ಕಾವಲೂರಿನಲ್ಲಿ ಧ್ರುವಾಕ್ಷ ನಮ್ಮದಕ್ಕಿಂತ ಇನ್ನೂ ನಾಲ್ಕು ಡಿಗ್ರಿ ಕೆಳಗೆ, ಬಹುತೇಕ ಮಲಗಿದಂತೆಯೇ ಇರುತ್ತದೆ. ಇಷ್ಟು ಹೇಳಿದ್ದು ಬಾಪು ಅವರ ಮುಂದೆ ಇದ್ದ ಕೆಲಸದ ಅಂದಾಜು ಬರಲಿ ಎಂದು. ನಮ್ಮದು ಪಡಸಾಲೆಯಲ್ಲಿ ಮುಗಿಯುವ ಕೆಲಸ, ಅವರದು ಹತ್ತಾರು ಟನ್ನಿನದು.

1971ರ ಏಪ್ರಿಲಿನಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಸ್ವಾಯತ್ತವಾಯಿತು, ಬಾಪು ಅದರ ಮೊದಲ ನಿರ್ದೇಶಕರಾದರು. ಮುಂದೆ ಸಂಸ್ಥೆಯ ಕೇಂದ್ರ ಬೆಂಗಳೂರಿನ ಕೋರಮಂಗಲಕ್ಕೆ ಬಂತು. 1972ರಲ್ಲಿ ಕಾವಲೂರಿಗೆ ಜರ್ಮನಿಯ ಝೈಸ್ ಕಂಪನಿಯ 1 ಮೀಟರ್ ದೂರದರ್ಶಕ ಬಂತು. ಅಂದರೆ ಅವರು ಕೊಳ್ಳುವುದನ್ನೇ ವಿರೋಧಿಸುವವರಲ್ಲ, ಇದನ್ನು ಗಮನಿಸಬೇಕು. ಅದೇ ವರ್ಷ ಗುರುವಿನ ಉಪಗ್ರಹ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿದ ಘಟನೆಯನ್ನು ಅಲ್ಲಿಂದ ದಾಖಲಿಸಿದರು. 1977ರ ಮಾರ್ಚ್ 10ರಂದು ಯುರೇನಸ್ ನಕ್ಷತ್ರವೊಂದರ ಬಳಿ ಹಾದಾಗ, ನಕ್ಷತ್ರದ ಬೆಳಕು ಗ್ರಹದ ಹೊರಗೇ ಕ್ಷಣಕಾಲ ಕುಂದಿದ್ದು ಕಾವಲೂರಿನ ದಾಖಲೆಯಲ್ಲಿಯೂ ಮೂಡಿತು. ಯುರೇನಸ್ಸಿಗೆ ಉಂಗುರಗಳಿವೆ ಎಂದು ಜಗತ್ತಿಗೆ ಗೊತ್ತಾದದ್ದು ಆ ರಾತ್ರಿಯ ವೀಕ್ಷಣೆಗಳಿಂದ. ಅಮೆರಿಕದ ತಂಡ ವಿಮಾನದಲ್ಲಿ ದೂರದರ್ಶಕ ಹೊತ್ತು ಹಾರಿತ್ತು, ಶೋಧದ ಹೆಸರು ಅವರಿಗೆ ಹೋಯಿತು.

1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ ನಮ್ಮ ಉತ್ತರ ಕರ್ನಾಟಕದ ಮೇಲೆಯೇ ಹಾದುಹೋಯಿತು: ಕರಾವಳಿಯ ಅಂಕೋಲಾ, ಆಮೇಲೆ ಹುಬ್ಬಳ್ಳಿ, ರಾಯಚೂರು. ನಮ್ಮ ರಾಯಬಾಗ ಸೀಮೆ ಆ ಪಟ್ಟಿಯ ಉತ್ತರಕ್ಕೆ ಉಳಿದು ಪಾರ್ಶ್ವ ಗ್ರಹಣವನ್ನಷ್ಟೇ ಕಂಡಿತು. ಬಾಪು ಅವರ ಸಂಸ್ಥೆಯ ತಂಡಗಳು ಹುಬ್ಬಳ್ಳಿಯ ಬಳಿ ಮತ್ತು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟು ಉಪಕರಣ ಹೂಡಿದ್ದವು. ಗ್ರಹಣದ ಶಿಬಿರ ಎಂದರೆ ಊರಾಚೆಯ ಬಯಲಿನಲ್ಲಿ ಇಟ್ಟಿಗೆಯ ಕಟ್ಟೆ ಕಟ್ಟಿ, ಸೂರ್ಯನ ಜೊತೆ ತಿರುಗುವ ಕನ್ನಡಿಗಳನ್ನು ಕೂರಿಸಿ, ಎರಡು-ಮೂರು ನಿಮಿಷದ ಕತ್ತಲೆಗಾಗಿ ವಾರಗಟ್ಟಲೆ ತಾಲೀಮು ಮಾಡುವ ಕೆಲಸ. ಅಷ್ಟರಲ್ಲಿ ಒಂದು ಚಕ್ರ ಜಿಗಿದರೂ ಮತ್ತೆ ಅವಕಾಶವಿಲ್ಲ. ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತಿದ್ದನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಗ್ರಹಣದ ಪಾಠ ಮಾಡುವ ಶಿಕ್ಷಕರು ಊರಿನ ಹಿರಿಯರಿಂದ ಅದನ್ನು ಕೇಳಿಸಿ, ಜೊತೆಗೆ ಜವಳಗೇರಾದ ಬಯಲನ್ನೂ ಹೇಳಿದರೆ ಪಾಠ ತಾನೇ ನಡೆಯುತ್ತದೆ.

ಈ ಎಲ್ಲದರ ನಡುವೆ ಬಾಪು ಅವರ ಮನಸ್ಸು ಇದ್ದದ್ದು 2.34 ಮೀಟರ್ ಕನ್ನಡಿಯ ದೂರದರ್ಶಕದ ಮೇಲೆ. ಅಷ್ಟು ದೊಡ್ಡದನ್ನು ಭಾರತದಲ್ಲಿ ಯಾರೂ ಕಟ್ಟಿರಲಿಲ್ಲ. ಗಾಜಿನ ಬಿಲ್ಲೆ ಹೊರಗಿನದು. ಅದನ್ನು ಉಜ್ಜಿ ಕನ್ನಡಿಯ ಆಕಾರಕ್ಕೆ ತಂದದ್ದು ಬೆಂಗಳೂರಿನ ಸಂಸ್ಥೆಯ ದ್ಯುತಿ ಪ್ರಯೋಗಾಲಯದಲ್ಲಿ, ಎ. ಪಿ. ಜಯರಾಜನ್ ಮತ್ತು ಅವರ ಸಂಗಡಿಗರು. ವಿನ್ಯಾಸಕ್ಕೆ ಟಾಟಾ ಕನ್ಸಲ್ಟಿಂಗ್ ಇಂಜಿನಿಯರ್ಸ್ ಕೈಜೋಡಿಸಿತು. ಚಾಲನೆ ಮತ್ತು ನಿಯಂತ್ರಣದ ವ್ಯವಸ್ಥೆ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ರಿಯಾಕ್ಟರುಗಳ ನಿಯಂತ್ರಣ ನೋಡಿಕೊಳ್ಳುವವರದು. ಮೌಂಟನ್ನು ಕಟ್ಟಿದ್ದು ವಾಲ್‌ಚಂದನಗರ ಇಂಡಸ್ಟ್ರೀಸ್.

ಈ ಕೊನೆಯ ಹೆಸರು ನಮ್ಮ ಭಾಗದ ಓದುಗರಿಗೆ ಅಪರಿಚಿತವಲ್ಲ. ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನ ವಾಲ್‌ಚಂದನಗರ ಹುಟ್ಟಿದ್ದೇ ಸಕ್ಕರೆ ಕಾರ್ಖಾನೆಯಿಂದ. ಮುಂದೆ ಅಲ್ಲಿಯ ಕಂಪನಿ ಸಕ್ಕರೆ ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳನ್ನೇ ತಯಾರಿಸತೊಡಗಿತು. ಕಬ್ಬು ಅರೆಯುವ ರೋಲರ್, ಅದನ್ನು ತಿರುಗಿಸುವ ಆಳೆತ್ತರದ ಹಲ್ಲುಚಕ್ರಗಳನ್ನು ಎರಕ ಹೊಯ್ದು ಕಡೆಯುವ ಕೈಗಳೇ ಪಾಲೋಮರ್ ಮಾದರಿಯ ಕುದುರೆ ಲಾಳದ ಮೌಂಟನ್ನೂ ಕಡೆದವು. ಕಾಕಾಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಭಾರ ಹೊತ್ತು ಮೆಲ್ಲಗೆ ತಿರುಗುವುದು ಎರಡಕ್ಕೂ ಒಂದೇ, ಮಿಲ್ಲಿಗೆ ಬಲ ಬೇಕು ಇದಕ್ಕೆ ಸೂಕ್ಷ್ಮ ಬೇಕು ಎಂಬುದು ಅವರ ಅಭಿಪ್ರಾಯ. ಬಾಪು ಅವರು ಅರಿತದ್ದೂ ಇದನ್ನೇ. ಈ ದೇಶದಲ್ಲಿ ದೂರದರ್ಶಕ ಕಾರ್ಖಾನೆ ಇಲ್ಲದಿರಬಹುದು, ಆದರೆ ಅದಕ್ಕೆ ಬೇಕಾದ ಒಂದೊಂದು ಕೌಶಲ ಎಲ್ಲೋ ಒಂದು ಕಡೆ ಇದೆ. ಸಕ್ಕರೆ ಯಂತ್ರದವರಲ್ಲಿ, ರಿಯಾಕ್ಟರಿನವರಲ್ಲಿ, ಗಾಜು ಉಜ್ಜುವವರಲ್ಲಿ. ಅವನ್ನು ಒಂದೆಡೆ ತರುವವರು ಬೇಕಿತ್ತು.

ಈ ಆಯ್ಕೆಗೆ ಬೆಲೆಯೂ ಇತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೊಂಡು ತಂದಿದ್ದರೆ ಬೇಗ ಬರುತ್ತಿತ್ತು. ಕಟ್ಟುವುದರಲ್ಲಿ ವರ್ಷಗಳು ಉರುಳಿದವು. ಆ ವರ್ಷಗಳಲ್ಲಿ ನೋಡಬಹುದಾಗಿದ್ದ ಆಕಾಶ ನೋಡದೇ ಹೋಯಿತು. ಎರಡು ಮಳೆಗಾಲ ಕಾಣುವ ಕಾವಲೂರಿನಲ್ಲಿ ಮೋಡವಿಲ್ಲದ ರಾತ್ರಿಗಳು ಕಡಿಮೆ ಎಂಬ ಮಾತೂ ಇದೆ. ಮುಂದೆ ಇದೇ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ 2 ಮೀಟರ್ ದೂರದರ್ಶಕ ನಿಲ್ಲಿಸಿದಾಗ ಅದನ್ನು ಅಮೆರಿಕದಿಂದ ತರಿಸಿಕೊಂಡಿತು. ಹಾಗಾದರೆ ಬಾಪು ಅವರ ದಾರಿ ತಪ್ಪೇ? ಹತ್ತನೆಯ ತರಗತಿಯವರಿಗೆ ಇದನ್ನು ಚರ್ಚೆಗೆ ಕೊಡಬಹುದು, ಎರಡೂ ಕಡೆ ವಾದವಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಹಾನ್ಲೆಯ ದೂರದರ್ಶಕವನ್ನು ಉಪಗ್ರಹದ ಮೂಲಕ ಬೆಂಗಳೂರಿನ ಸಮೀಪದ ಹೊಸಕೋಟೆಯಿಂದ ನಡೆಸುವ ಧೈರ್ಯ ಆ ಸಂಸ್ಥೆಗೆ ಬಂದದ್ದು ಮೊದಲು ಒಂದನ್ನು ತಾವೇ ಕಟ್ಟಿದ್ದರಿಂದ. ನಮ್ಮ ಶಾಲೆಗಳಲ್ಲಿ ಪ್ರಯೋಗಾಲಯದ ಕಪಾಟಿಗೆ ಬೀಗ ಬೀಳುವುದು ಸಾಮಾನು ಕೆಡುತ್ತದೆಂಬ ಹೆದರಿಕೆಯಿಂದ. ಕೆಟ್ಟದ್ದನ್ನು ಬಿಚ್ಚಬಲ್ಲ ಒಬ್ಬ ಶಿಕ್ಷಕರಿದ್ದ ಕಡೆ ಆ ಬೀಗ ಇರುವುದಿಲ್ಲ. ಅಭ್ಯಾಸ ಬೋಧನೆಗೆ ಹೋದ ಕಡೆಗಳಲ್ಲಿ ಎರಡೂ ಬಗೆಯದನ್ನು ನೋಡಿದ್ದೇನೆ.

1979ರಲ್ಲಿ ಬಾಪು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಸ್ಥಾನಕ್ಕೆ ಏರಿದ ಮೊದಲ ಭಾರತೀಯರು ಅವರು. 1981ರಲ್ಲಿ ಪದ್ಮಭೂಷಣ ಬಂತು. 1982ರ ಆಗಸ್ಟಿನಲ್ಲಿ ಒಕ್ಕೂಟದ ಮಹಾಸಭೆ ಗ್ರೀಸಿನ ಪತ್ರಾಸ್‌ನಲ್ಲಿ ಸೇರುವುದಿತ್ತು, ಅಧ್ಯಕ್ಷತೆ ಅವರದೇ. ಅಲ್ಲಿಗೆ ಅವರು ತಲುಪಲಿಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಆಗಸ್ಟ್ 19ರಂದು ನಿಧನರಾದರು. ವಯಸ್ಸು 55. ಕಾವಲೂರಿನ ದೊಡ್ಡ ಗುಮ್ಮಟದ ಕೆಲಸ ಆಗಿನ್ನೂ ಮುಗಿದಿರಲಿಲ್ಲ.

ಸಂಗಡಿಗರು ಕೆಲಸ ನಿಲ್ಲಿಸಲಿಲ್ಲ. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಆ ದೂರದರ್ಶಕವನ್ನು ರಾಷ್ಟ್ರಕ್ಕೆ ಅರ್ಪಿಸಿದರು. ದೂರದರ್ಶಕಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ವೇಣು ಬಾಪು ಅವರ ಹೆಸರನ್ನೇ ಇಟ್ಟರು. 2596 ಎಂಬ ಸಂಖ್ಯೆಯ ಕ್ಷುದ್ರಗ್ರಹಕ್ಕೂ ಅದೇ ಹೆಸರಿದೆ.

ಕನ್ನಡಿಯ ಮೇಲಿನ ಅಲ್ಯುಮಿನಿಯಂ ಲೇಪ ಕಾಲಕಾಲಕ್ಕೆ ಮಂಕಾಗುತ್ತದೆ. ಆಗ ಕಾವಲೂರಿನಲ್ಲಿ ಟನ್ನುಗಟ್ಟಲೆ ತೂಗುವ ಕನ್ನಡಿಯನ್ನು ಕ್ರೇನಿನಿಂದ ಇಳಿಸಿ, ಹಳೆಯ ಲೇಪ ತೊಳೆದು, ಅಲ್ಲೇ ಇರುವ ನಿರ್ವಾತ ಕೋಣೆಯಲ್ಲಿ ಹೊಸ ಲೇಪ ಕೊಟ್ಟು, ಮತ್ತೆ ಮೇಲೇರಿಸಿ ಕೂರಿಸುತ್ತಾರೆ. ಆ ಕೆಲಸಕ್ಕೆ ಹೊರದೇಶದಿಂದ ಯಾರನ್ನೂ ಕರೆಸಬೇಕಾಗುವುದಿಲ್ಲ.